ರೈಲು ಕೂಗುವ ಹೊತ್ತಿನ ಕಫ

ನಂದಿದುರ್ಗ ಗಣಿಯ ಕೆಲಸಗಾರರ ಲೈನು ಮನೆಗಳಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದ ಮನೆಯವರು ತಿರುಗಿ ನೋಡುವುದಿಲ್ಲ. ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷಗಳಾದವು. ಆದರೆ ಅದರೊಳಗೆ ಇಳಿದು ದುಡಿದವರ ಎದೆಯಲ್ಲಿ ಕೊರೆದ ಕಲ್ಲಿನ ಧೂಳು ಇನ್ನೂ ಕುಳಿತಿದೆ. ಹಾಗಾಗಿ ಅಲ್ಲಿ ಕೆಮ್ಮಿಗೆ ಕಾರಣ ಹುಡುಕುವ ರೂಢಿಯೇ ಇಲ್ಲ. 'ಗಣಿ ಕೆಮ್ಮು' ಎಂದರೆ ವಿಚಾರಣೆ ಮುಗಿಯಿತು. ಕ್ಷಯ ಚಿಕಿತ್ಸೆಯ ಮೇಲ್ವಿಚಾರಕಿಯಾಗಿ ನಾನು ಆ ಲೈನುಗಳನ್ನು ಸುತ್ತಲು ಆರಂಭಿಸಿದಾಗ ನನ್ನೆದುರು ನಿಂತ ಪ್ರತಿಪಕ್ಷ ಆ ಎರಡು ಶಬ್ದಗಳೇ.

ಪ್ರತಿಪಕ್ಷ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೇ ಬೆಳೆದವಳು. ಎದುರಾಳಿ ಮಾತು ಮುಗಿಸಿ ಕುಳಿತುಕೊಳ್ಳುವ ಮೊದಲೇ ಅವನ ವಾದದ ಬಿರುಕುಗಳನ್ನು ಅಂಗೈಯಗಲದ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಯಾರಾದರೂ ಒಪ್ಪಲೇಬೇಕು, ಜಗತ್ತು ಸುಧಾರಿಸಲೇಬೇಕು ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಆ ನಂಬಿಕೆಯನ್ನು ನೆನೆದರೆ ಈಗ ನಗು ಬರುತ್ತದೆ. ನಂಬಿದ್ದ ಆ ಹುಡುಗಿಯ ಮೇಲೆ ಅಕ್ಕರೆಯೂ ಬರುತ್ತದೆ.

ಆಗ ನಾನು ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡಿದ್ದೆ. ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಐಸ್ ತುಂಬಿದ ನೀಲಿ ಪೆಟ್ಟಿಗೆ, ಅದರೊಳಗೆ ತಿರುಪು ಮುಚ್ಚಳದ ಕಫದ ಡಬ್ಬಿಗಳು. ಬೆಳಿಗ್ಗೆ ಹೊರಟು, ಗಣಿಯ ಪುಡಿಮಣ್ಣು ರಾಶಿಬಿದ್ದ ಸೈನೈಡ್ ಗುಡ್ಡದ ಕಡೆಯ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಲೈನುಗಳನ್ನು ಸುತ್ತಿ, ಮಧ್ಯಾಹ್ನದೊಳಗೆ ಮಾದರಿಗಳನ್ನು ಬಂಗಾರಪೇಟೆಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕಿತ್ತು. ಊಟ ಎಷ್ಟೋ ದಿನ ಮೂರು ಗಂಟೆಗೆ. ಆದರೂ ಆ ದಿನಗಳಷ್ಟು ಹಸಿವು, ಆ ದಿನಗಳಷ್ಟು ರುಚಿ ಆಮೇಲೆ ಸಿಕ್ಕಿಲ್ಲ.

ನಾನು ಹೇಳಹೊರಟಿರುವ ಮನೆಯನ್ನು ತೋರಿಸಿದವರು ಆ ಲೈನಿನ ಆಶಾ ಕಾರ್ಯಕರ್ತೆ. ಮನೆಯ ಹಿರಿಯರು ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿಗೇ ಗಣಿಗೆ ಬಂದವರು. ಬಹಳ ಕಾಲ ಕಲ್ಲು ಕೊರೆದು, ಕೊನೆಯ ವರ್ಷಗಳಲ್ಲಿ ಸ್ಯಾಂಪ್ಲಿಂಗ್ ವಿಭಾಗದಲ್ಲಿದ್ದರು. ಮಗ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸಗಾರ; ನಾನು ಹೋದಾಗಲೆಲ್ಲ ಒಂದೋ ದುಡಿಯುತ್ತಿದ್ದ, ಇಲ್ಲವೇ ಮಲಗಿರುತ್ತಿದ್ದ. ಮನೆಯನ್ನು ನಡೆಸುತ್ತಿದ್ದವಳು ಸೊಸೆ. ಮತ್ತೆ, ನಾಲ್ಕು ವರ್ಷದ ಮೊಮ್ಮಗಳು.

ನಾನು ಮೊದಲ ಸಲ ಬಾಗಿಲಲ್ಲಿ ನಿಂತಾಗ ಹಿರಿಯರು ಮುದ್ದೆಯ ತಟ್ಟೆಯ ಮುಂದೆ ಕುಳಿತಿದ್ದರು. ಮೊಮ್ಮಗಳು ಅವರ ತೊಡೆಯ ಮೇಲೆ. ಮುದ್ದೆಯ ಮೊದಲ ತುಣುಕನ್ನು ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಊದಿ ಊದಿ ಆರಿಸಿ ಮಗುವಿನ ಬಾಯಿಗಿಟ್ಟರು. ಆ ಉಸಿರು ಮಗುವಿನ ಮುಖದ ಮೇಲೆಯೇ ಬೀಳುತ್ತಿತ್ತು.

"ಜ್ವರ ಬರುತ್ತಾ ತಾತ?" ಎಂದು ಕೇಳಿದೆ.

"ಜ್ವರ ಎಲ್ಲಮ್ಮ? ಸಾಯಂಕಾಲ ವಸಿ ಮೈ ಬಿಸಿ ಆಯ್ತದೆ, ಅಷ್ಟೇಯ. ಈ ಕೆಮ್ಮು ನಿನ್ ವಯಸ್ಸಿಗಿಂತ ದೊಡ್ದು ಕಣಮ್ಮ. ಗಣಿ ಕೆಮ್ಮು."

ಒಳಗಿನಿಂದ ಸೊಸೆ ಬಂದಳು. "ಮೇಡಂ, ಆ ಬೆಲ್ಟ್ ನೋಡಿ. ಇರೋ ತೂತೆಲ್ಲ ಮುಗ್ದು ಮೊಳೇಲಿ ಒಸ ತೂತ ಒಡ್ಕೊಂಡವ್ರೆ. ಎರಡು ತಿಂಗ್ಳಲ್ಲಿ ಮೂರು ತೂತ. ಇದೂ ಗಣಿ ಕೆಮ್ಮೇನಾ ಮಾವಾ?"

"ನಿನ್ ಅಡುಗೆ ತಿಂದು ಇನ್ನೇನ್ ದಪ್ಪ ಆಗ್ಲಿ?" ಎಂದು ಹಿರಿಯರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ನಾನು ಜಗಲಿಯ ಮೇಲೆ ಕುಳಿತು ವಾದ ಆರಂಭಿಸಿದೆ. ಧೂಳು ತುಂಬಿದ ಶ್ವಾಸಕೋಶಕ್ಕೆ ಕ್ಷಯ ಇತರರಿಗಿಂತ ಬೇಗ ಅಂಟುತ್ತದೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇಲ್ಲವೆಂದಾಗುವುದಿಲ್ಲ. ತೂಕ ಇಳಿಯುವುದು, ಸಂಜೆಯ ಜ್ವರ, ಬೆವರು ಇವು ಧೂಳಿನ ಲಕ್ಷಣಗಳಲ್ಲ. ರೋಗ ಗಾಳಿಯಲ್ಲಿ ಹರಡುತ್ತದೆ, ಮನೆಯಲ್ಲಿ ಮಗುವಿದೆ. ಪೀಠಿಕೆ, ಮಂಡನೆ, ಖಂಡನೆ, ಉಪಸಂಹಾರ ಎಲ್ಲವೂ ಇದ್ದವು. ಮುಗಿಸಿದಾಗ ಹಿರಿಯರು ಮೊಮ್ಮಗಳ ಕೈ ಹಿಡಿದು, "ಪಾಪಾ, ಚಪ್ಪಾಳೆ ತಟ್ಟು. ಲಾಯರಮ್ಮ ಎಷ್ಟ್ ಚೆನ್ನಾಗ್ ಮಾತಾಡಿದ್ಲು!" ಎಂದರು. ಮಗು ಚಪ್ಪಾಳೆ ತಟ್ಟಿತು. "ಎಲ್ಲಾ ಸರಿ ಕಣಮ್ಮ. ಆದ್ರೆ ನಂಗಿರೋದು ಗಣಿ ಕೆಮ್ಮು."

ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು ಲಾಯರಮ್ಮ.

ಆದರೂ, "ನಿನ್ ಮನಸ್ಸಿಗೆ ಯಾಕ್ ಬೇಜಾರ್ ಮಾಡ್ಲಿ" ಎಂದು ಕಫ ಕೊಡಲು ಒಪ್ಪಿದರು. ಆಗಲೇ ಒಂದು ಮಾದರಿ, ಮರುದಿನ ಬೆಳಿಗ್ಗೆ ಎದ್ದ ಮೇಲೆ ಇನ್ನೊಂದು. ಎರಡನ್ನೂ ಪ್ರಯೋಗಾಲಯಕ್ಕೆ ಕೊಟ್ಟೆ. ಕ್ಷಯದ ಕ್ರಿಮಿ ಕಂಡುಬಂದಿಲ್ಲ ಎಂಬ ವರದಿ ಬಂತು. ಎರಡು ವಾರದ ನಂತರ ಮತ್ತೊಮ್ಮೆ ತಂದೆ. ಮತ್ತೆ ಅದೇ ವರದಿ. ಪ್ರಯೋಗಾಲಯದ ತಂತ್ರಜ್ಞರು ಎರಡು ಸಲವೂ ಚೀಟಿಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಮಾದರಿ ಎಂಜಲಿನಂತಿದೆ' ಎಂದು ಬರೆದಿದ್ದರು. ಆ ಎರಡು ಶಬ್ದಗಳ ಮುಂದೆ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮುಂದಿನ ಭೇಟಿಯಲ್ಲಿ ಏನು ವಾದಿಸಬೇಕೆಂದು ಚೀಟಿ ಬರೆದುಕೊಳ್ಳುವುದರಲ್ಲಿ ಮುಳುಗಿದ್ದೆ. ಇದು ನನ್ನ ತಪ್ಪು. ಇದನ್ನು ಬೇರೆ ಯಾರ ಮೇಲೂ ಹೊರಿಸಲಾರೆ.

ಎದೆಯ ಎಕ್ಸ್‌ರೇ ತೆಗೆಸಿದೆವು. ಎರಡೂ ಕಡೆ ಅಕ್ಕಿ ಚೆಲ್ಲಿದಂತೆ ಬಿಳಿಯ ಕಲೆಗಳು. ಧೂಳಿನ ಎದೆಗಳೆಲ್ಲ ಹಾಗೆಯೇ. ವೈದ್ಯರು ದೀಪದ ಪೆಟ್ಟಿಗೆಯ ಮೇಲೆ ಬಹಳ ಹೊತ್ತು ನೋಡಿ, "ಹಳೆಯ ಫಿಲ್ಮ್ ಏನಾದರೂ ಇದೆಯೇ? ಹೋಲಿಸಿ ನೋಡದೆ ಹೇಳುವುದು ಕಷ್ಟ" ಎಂದರು. ಮನೆಗೆ ಬಂದು ಕೇಳಿದರೆ ಸೊಸೆ ತಗಡಿನ ಟ್ರಂಕಿನ ತಳದಿಂದ ಒಂದು ಫಿಲ್ಮನ್ನು ತೆಗೆದಳು. ಗಣಿಯ ಕಾಲದ್ದು. ಒಂದು ಮೂಲೆಯನ್ನು ಕತ್ತರಿಸಲಾಗಿತ್ತು.

"ಅದು ಗ್ರಹಣ ನೋಡೋಕೆ ಮಡಗಿದ್ದು," ಎಂದರು ಹಿರಿಯರು. "ಇಡೀ ಲೈನು ನನ್ ಎದೆಯೊಳಗಿಂದ್ಲೇ ಸೂರ್ಯನ್ನ ನೋಡೈತೆ."

ಎರಡು ಫಿಲ್ಮುಗಳನ್ನು ಪಕ್ಕಪಕ್ಕ ಇಟ್ಟಾಗ ವೈದ್ಯರ ಬೆರಳು ಬಲಭಾಗದ ಮೇಲ್ತುದಿಯಲ್ಲಿ ನಿಂತಿತು. ಹೊಸ ಫಿಲ್ಮಿನಲ್ಲಿ ಅಲ್ಲಿ ನಿಂಬೆಹಣ್ಣಿನಷ್ಟು ಪೊಳ್ಳು. ಹಳೆಯದರಲ್ಲಿ ಅದು ಇರಲಿಲ್ಲ. "ಇದು ಧೂಳಿನ ಕೆಲಸವಲ್ಲ ಎನ್ನಿಸುತ್ತದೆ" ಎಂದರು. ಆದರೆ ತೊಡಕೊಂದಿತ್ತು. ಗಣಿಯ ದಿನಗಳಲ್ಲೇ ಹಿರಿಯರಿಗೆ ಒಮ್ಮೆ ಕ್ಷಯದ ಮಾತ್ರೆ ಕೊಟ್ಟಿದ್ದರು. ಎರಡು ತಿಂಗಳು ನುಂಗಿ, ಮೈ ಹಗುರಾದ ಮೇಲೆ ಅವರು ಬಿಟ್ಟುಬಿಟ್ಟಿದ್ದರು. ಹಾಗೆ ಅರ್ಧಕ್ಕೆ ಬಿಟ್ಟವರಲ್ಲಿ ಕ್ರಿಮಿ ಔಷಧಕ್ಕೆ ಬಗ್ಗದಂತಾಗಿರಬಹುದು. ಅದನ್ನು ಹೇಳುವ ಯಂತ್ರ ಬಂಗಾರಪೇಟೆಯಲ್ಲಿತ್ತು. ಆದರೆ ಯಂತ್ರಕ್ಕೆ ಕ್ರಿಮಿಯಿರುವ ಕಫ ಬೇಕು. "ಒಂದು ಸರಿಯಾದ ಮಾದರಿ ತನ್ನಿ," ಎಂದರು ವೈದ್ಯರು. "ಆಗದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ ತೆಗೆಯಬೇಕು. ಈ ಉಸಿರಿನವರಿಗೆ ಅದು ಸುಲಭವಲ್ಲ."

ಹಿರಿಯರು ಕೊಳವೆಯ ಮಾತು ಕೇಳಿದ ಕೂಡಲೇ, "ಗಣಿ ಶಾಫ್ಟ್ ಇಳ್ದಿದ್ದು ಸಾಕು, ಇನ್ ನನ್ನೊಳಗೆ ಯಾರೂ ಇಳಿಯೋದ್ ಬ್ಯಾಡ" ಎಂದು ಎದ್ದುಹೋದರು. ಅದೇ ವಾರ ಮೊಮ್ಮಗಳು ಕೆಮ್ಮಲಾರಂಭಿಸಿದಳು.

ಆ ಸಣ್ಣ ಕೆಮ್ಮು ಕೇಳಿ ನನ್ನ ಬಳಿಯಿದ್ದ ಚೀಟಿಗಳೆಲ್ಲ ಬಿಳಿಯ ಕಾಗದಗಳಾದವು. ಮಗು ರಾತ್ರಿಯೆಲ್ಲ ತಾತನ ಮಗ್ಗುಲಲ್ಲೇ ಮಲಗುತ್ತಿತ್ತು. ಇನ್ನು ಕಾಯಲು ದಿನಗಳಿರಲಿಲ್ಲ.

ಸೊಸೆಯನ್ನು ನೀರಿನ ನಲ್ಲಿಯ ಹತ್ತಿರ ನಿಲ್ಲಿಸಿ ಕೇಳಿದೆ: "ಇಷ್ಟು ಕೆಮ್ಮುವವರಿಗೆ ಡಬ್ಬಿಯಲ್ಲಿ ಬರೀ ಎಂಜಲು ಯಾಕೆ ಬರುತ್ತದೆ?"

ಅವಳು ಕೊಡ ತುಂಬಿಸುತ್ತ, ಅದೇನು ದೊಡ್ಡ ಸಂಗತಿ ಎಂಬಂತೆ ಹೇಳಿದಳು. "ಅವ್ರು ಬೆಳಿಗ್ಗೇನೇ ಎಲ್ಲಾ ತೆಗ್ದುಬುಡ್ತಾರಲ್ಲ ಮೇಡಂ. ಮೊದಲ್ನೇ ರೈಲು ಕೂಗಿದ್ ತಕ್ಷಣ ಉಪ್ಪುನೀರು ತಕ್ಕೊಂಡು ಇತ್ಲಿಗೋಗಿ ಗಂಟ್ಲು ತೊಳ್ಕೊಂಡು, ಬೂದಿ ಮುಚ್ಚಿ, ಬೆಲ್ಲ ಬಾಯಿಗಾಕ್ಕೊಂಡು ಬತ್ತಾರೆ. ಆಮೇಲೇನೇ ಕಾಪಿ. ನಮ್ ಮಾವ ಒಬ್ರೇ ಅಲ್ಲ, ಈ ಲೈನಿನ್ ತಾತಂದಿರೆಲ್ಲ ಅಂಗೇಯ. ಗಣೀನ ಮನೆಯೊಳಕ್ಕೆ ತರ್ಬಾರ್ದು ಅಂತ."

ಗಣಿಯ ಸೈರನ್ನು ನಿಂತುಹೋದ ಮೇಲೆ, ಬೆಂಗಳೂರಿಗೆ ಹೊರಡುವ ಮುಂಜಾವಿನ ರೈಲಿನ ಕೂಗೇ ಆ ತಾತಂದಿರಿಗೆ ಮೊದಲ ಪಾಳಿಯ ಸೈರನ್ನಾಗಿತ್ತು. ನಾನು ಡಬ್ಬಿ ಹಿಡಿದು ಬರುವ ಹೊತ್ತಿಗೆ ಅವರ ಎದೆಯ ರಾತ್ರಿಯ ಕಫವೆಲ್ಲ ಹಿತ್ತಲಿನ ಬೂದಿಯ ಕೆಳಗಿರುತ್ತಿತ್ತು. 'ಬೆಳಿಗ್ಗೆ ಎದ್ದ ಮೇಲೆ' ಎಂದು ಹೇಳಿಬಂದಿದ್ದೆನೇ ಹೊರತು, ಅವರು ಎದ್ದು ಮೊದಲು ಏನು ಮಾಡುತ್ತಾರೆ ಎಂದು ಕೇಳಿರಲಿಲ್ಲ. ಇಷ್ಟು ಮಾತಾಡಿದವಳು ಆ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ.

ಮರುದಿನ ಕತ್ತಲು ಹರಿಯುವ ಮೊದಲೇ ಸ್ಕೂಟರು ಹೊರಡಿಸಿದೆ. ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳು ಬಿಟ್ಟರೆ ಯಾರೂ ಇರಲಿಲ್ಲ. ನಾನು ಹಿತ್ತಲಿನ ಮೋರಿಯ ಪಕ್ಕ ನಿಂತು, ಮುಖಗವಸು ಬಿಗಿದುಕೊಂಡು, ಡಬ್ಬಿಯ ಮುಚ್ಚಳ ತಿರುಗಿಸುತ್ತಿರುವಾಗ ದೂರದಲ್ಲಿ ರೈಲು ಕೂಗಿತು. ಅಕ್ಕಪಕ್ಕದ ನಾಲ್ಕೈದು ಹಿಂಬಾಗಿಲುಗಳು ಒಂದಾದ ಮೇಲೊಂದು ತೆರೆದುಕೊಂಡವು. ಆ ಸಾಲಿನಲ್ಲಿ ಹಿರಿಯರೂ ಚೊಂಬು ಹಿಡಿದು ಬಂದರು. ನನ್ನನ್ನು ಕಂಡು ನಿಂತುಬಿಟ್ಟರು.

"ಏನಮ್ಮಾ ಲಾಯರಮ್ಮ, ಇಷ್ಟೊತ್ಗೇ ಕೋರ್ಟ್ ತೆಗ್ದವ್ರಾ?"

"ತಾತ, ಆ ಉಪ್ಪುನೀರು ಬಾಯಿಗೆ ಹಾಕಬೇಡಿ. ನೀವು ಇಲ್ಲಿ ಉಗುಳಿ ಬೂದಿ ಮುಚ್ಚುತ್ತೀರಲ್ಲ, ನನಗೆ ಅದೇ ಬೇಕು."

ಅವರ ಮುಖ ಕೆಂಪಾಯಿತು. "ಥೂ! ಅದ್ನ ಒಂದೆಣ್ಮಗಳ ಕೈಗೆ ಕೊಡ್ತಾರಾ? ಆಸ್ಪತ್ರೆ ಕಳ್ಸಿದ್ ಮಗಳು, ಕೊಳಕು ಕೊಡ್ಬಾರ್ದು ಅಂತ ಗಂಟ್ಲು ಸುದ್ದ ಮಾಡ್ಕೊಂಡು, ಬಾಯಿ ತೊಳ್ಕೊಂಡು, ಒಳ್ಳೇದ್ನೇ ಕೊಟ್ಟಿದ್ನಲ್ಲಮ್ಮ ನಿಂಗೆ!"

ಎರಡು ಸಲವೂ ಅವರು ನನಗೆ ಕೊಟ್ಟದ್ದು ಮರ್ಯಾದೆಯನ್ನು. ಅದನ್ನೇ ನಾನು ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ದಿದ್ದೆ.

ನಾಲಿಗೆಯ ತುದಿಯಲ್ಲಿ ಮೂರು ಉತ್ತರಗಳು ಸಿದ್ಧವಾಗಿದ್ದವು. ಅವುಗಳನ್ನು ಹೇಳಿದ್ದರೆ ಅವರು ಮತ್ತೊಮ್ಮೆ ಚಪ್ಪಾಳೆ ತಟ್ಟಿ ಒಳಗೆ ಹೋಗುತ್ತಿದ್ದರು. ನಾನು ವಾದಿಸಬಾರದೆಂದು ನಿರ್ಧರಿಸಿದ್ದು ಆಗ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತ. ಏನು ಮಾತಾಡಬೇಕೆಂದು ತಿಳಿಯದೆ, ಬಹಳ ದಿನದಿಂದ ಕುತೂಹಲವಿದ್ದದ್ದನ್ನು ಕೇಳಿದೆ: "ತಾತ, ಸ್ಯಾಂಪ್ಲಿಂಗ್ ಅಂದರೆ ಅಲ್ಲಿ ಏನು ಮಾಡುತ್ತಿದ್ದಿರಿ?"

ಅವರೂ ಚೊಂಬು ಹಿಡಿದೇ ಕುಕ್ಕರಗಾಲಲ್ಲಿ ಕುಳಿತರು. "ಏನ್ ಮಾಡೋದು? ಕಲ್ಲಿನ್ ಗೋಡೆ ಉದ್ದಕ್ಕೂ ಗೆರೆ ಆಕಿ ಉಳೀಲಿ ಕೆತ್ತೋದು. ಬಿದ್ದ ಚೂರು ಚೀಲಕ್ಕಾಕಿ, ನಂಬರ್ ಚೀಟಿ ಇಟ್ಟು ಕಟ್ಟಿ ಮೇಲಕ್ಕೆ ಕಳ್ಸೋದು. ಅಲ್ಲಿ ಪುಡಿ ಮಾಡಿ, ಕರಗ್ಸಿ, ಚಿನ್ನ ಎಷ್ಟೈತೆ ಅಂತ ಏಳೋರು."

"ಹೊಳೆಯುವ ಚೂರುಗಳನ್ನು ಆರಿಸಿ ಹಾಕುತ್ತಿದ್ದಿರೇನೋ."

"ಅಬ್ಬೋ! ಆರಿಸ್ದೋನು ಕೆಟ್ಟ. ಒಬ್ಬ ಒಸಬ ಬಂದವ್ನು ನೋಡೋಕ್ ಚೆನ್ನಾಗಿರೋ ಚೂರೇ ಆಯ್ದು ಕಳಿಸ್ದ. ಮೇಸ್ತ್ರಿ ಆ ಚೀಲಾನ ಅವ್ನ್ ಕಾಲ್ಮೇಲೇ ಸುರಿದ್ರು. ಕಲ್ಲು ಎಂಗೈತೋ ಅಂಗೇ ಬರ್ಬೇಕು ಕಣ್ಲಾ, ನೀನ್ ಆರಿಸಿದ್ರೆ ಅದು ಕಲ್ಲಿನ್ ಸುದ್ದಿ ಅಲ್ಲ, ನಿನ್ ಸುದ್ದಿ ಅಂದ್ರು. ಕೆಟ್ಟದ್ದೂ ಬರ್ಬೇಕು, ಮಣ್ಣೂ ಬರ್ಬೇಕು..."

ಅವರು ಕೈಯಲ್ಲಿದ್ದ ಚೊಂಬನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ಒಳಗೆ ಮಗು ಕೆಮ್ಮಿತು.

"ನಾನು ತೊಳ್ದು, ಆರಿಸಿ ಕೊಟ್ನಲ್ಲಮ್ಮ," ಎಂದರು ಬಹಳ ಮೆಲ್ಲಗೆ.

ಚೊಂಬನ್ನು ನೆಲದ ಮೇಲಿಟ್ಟು ಕೈ ಚಾಚಿದರು. "ಕೊಡಿಲ್ಲಿ. ನೀನು ಆ ಕಡೆ ತಿರುಗ್ಕೋ."

ನಾನು ಅವರ ಕೆಮ್ಮಿನ ಗಾಳಿಗೆ ಸಿಗದಂತೆ ದೂರ ಸರಿದು ಬೆನ್ನು ತಿರುಗಿಸಿ ನಿಂತೆ. ಆಳವಾಗಿ ಎರಡು ಸಲ ಉಸಿರೆಳೆದು ಕೆಮ್ಮಬೇಕೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಪಾಳಿಗೆ ಇಳಿಯುವವರ ಹಾಗೆ ಅವರು ಆ ಕೆಲಸವನ್ನು ಮಾಡಿದರು. ಮುಚ್ಚಳ ಬಿಗಿದು ಕೊಟ್ಟ ಡಬ್ಬಿಯಲ್ಲಿ ಹಳದಿಯ ಗಟ್ಟಿ ಕಫ, ಅದರಲ್ಲೊಂದು ಕೆಂಪು ಎಳೆ. ನಾನು ಕೈಗವಸಿನಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದಂತೆ, "ನಂಬರ್ ಆಕಮ್ಮ. ನಂಬರಿಲ್ದಿರೋ ಚೀಲ ಮೋರಿಗೆ" ಎಂದು ಗದರಿದರು.

ಅಂದು ಮಧ್ಯಾಹ್ನ ಪ್ರಯೋಗಾಲಯದ ಬೆಂಚಿನ ಮೇಲೇ ಕುಳಿತೆ. ಯಂತ್ರಕ್ಕೆ ಎರಡು ಗಂಟೆ ಬೇಕು. ತಂತ್ರಜ್ಞರು ಹೊರಗೆ ಬಂದು ಹೇಳಿದರು: ಕ್ಷಯದ ಕ್ರಿಮಿ ಇದೆ, ಹೇರಳವಾಗಿ, ಮುಖ್ಯ ಔಷಧಕ್ಕೆ ಬಗ್ಗುತ್ತದೆ. ಗೆದ್ದವರಿಗೆ ಕರತಾಡನ ಬೇಕೆನ್ನಿಸುತ್ತದೆ; ನನಗೆ ಅಂದು ಒಂದು ಲೋಟ ಚಹಾ ಮಾತ್ರ ಬೇಕಾಗಿತ್ತು. ರೈಲು ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಿಂತೇ ಕುಡಿದೆ.

ಸುದ್ದಿ ತಿಳಿಸಿದಾಗ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಪಾಪಂಗೆ?"

ಮಗುವಿನ ತೂಕ ನೋಡಿ, ಎದೆಯ ಚಿತ್ರ ತೆಗೆಸಿ, ವೈದ್ಯರು ಪರೀಕ್ಷಿಸಿದರು. ಅದು ನೆಗಡಿಯ ಕೆಮ್ಮು; ರೋಗ ಹತ್ತಿರಲಿಲ್ಲ. ಮುಂದೆ ಹತ್ತದಂತೆ ಆರು ತಿಂಗಳು ದಿನವೂ ತಡೆಯ ಮಾತ್ರೆ ಎಂದಾಯಿತು. ಸೊಸೆ ಅದನ್ನು ಪುಡಿ ಮಾಡಿ ತಿನ್ನಿಸುತ್ತಿದ್ದಳು. ಹಿರಿಯರಿಗೆ ಅವರ ತೂಕಕ್ಕೆ ತಕ್ಕಂತೆ ದಿನಕ್ಕೆ ಮೂರು ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದೆ. ಹಾಸಿಗೆ ಜಗಲಿಗೆ ಹೋಯಿತು. ತಟ್ಟೆಯೂ ಬೇರೆಯಾಯಿತು. ರೋಗ ತಟ್ಟೆಯಿಂದ, ತುತ್ತಿನಿಂದ ಬರುವುದಿಲ್ಲ, ಕೆಮ್ಮಿದ ಗಾಳಿಯಿಂದ ಬರುವುದು ಎಂದು ನಾನು ಎಷ್ಟು ಹೇಳಿದರೂ, "ನಿನ್ ಸೈನ್ಸು ನಿಂಗಿರ್ಲಿ, ನನ್ ಪಾಪ ನಂಗಿರ್ಲಿ" ಎಂದು ಮಗುವಿಗೆ ತುತ್ತು ಕೊಡುವುದನ್ನು ನಿಲ್ಲಿಸಿಯೇಬಿಟ್ಟರು. ಊಟದ ಹೊತ್ತಿಗೆ ಮಗು ಹೊಸ್ತಿಲ ಈಚೆ ಕುಳಿತು, "ತಾತಾ, ಆ..." ಎಂದು ಬಾಯಿ ತೆರೆಯುತ್ತಿತ್ತು. ಅವರು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದರು.

ಮೂರನೆಯ ವಾರದಲ್ಲಿ ಸೊಸೆಯ ಫೋನು ಬಂತು. ಮಾವ ಮಾತ್ರೆ ನುಂಗುತ್ತಿಲ್ಲ. ಖಾಲಿ ಪಟ್ಟಿಗಳನ್ನು ತೋರಿಸಿ, ಮಾತ್ರೆಗಳನ್ನು ಬೂದಿಯಲ್ಲಿ ಹೂಳಿದ್ದಾರೆ. ನಾಲ್ಕು ದಿನದ ಹನ್ನೆರಡು ಮಾತ್ರೆ ಸಿಕ್ಕಿವೆ. ಓಡಿಹೋದೆ. ಅರ್ಧಕ್ಕೆ ಬಿಟ್ಟ ಹಳೆಯ ಚಿಕಿತ್ಸೆಯ ನೆನಪು ನನ್ನನ್ನು ಹೆದರಿಸಿತ್ತು. ಆದರೆ ಈ ಸಲ ಮೊದಲು ಕೇಳಿದೆ: ಯಾವಾಗ ನುಂಗುತ್ತಿದ್ದಿರಿ? ರೈಲು ಕೂಗಿದ ಮೇಲೆ, ಗಂಟಲು ತೊಳೆದು, ಬರೀ ಹೊಟ್ಟೆಗೆ, ಕೂಡಲೇ ವಾಂತಿ. "ಮುದ್ದೆ ಉಣ್ಣೋನ್ಗೆ ವಾಂತಿ ಅಂದ್ರೆ ನಾಚ್ಕೆ ಕಣಮ್ಮ." ವೈದ್ಯರು ಪಿತ್ತಜನಕಾಂಗದ ಪರೀಕ್ಷೆ ಮಾಡಿಸಿದರು; ತೊಂದರೆ ಇರಲಿಲ್ಲ. ಮಾತ್ರೆಯನ್ನು ಊಟದ ನಂತರಕ್ಕೆ ಬದಲಿಸಿದರು. ತಪ್ಪಿದ ದಿನಗಳನ್ನು ಕೊನೆಗೆ ಸೇರಿಸಿದೆವು. ವಾಂತಿ ನಿಂತಿತು. ಎರಡನೆಯ ತಿಂಗಳ ಕೊನೆಯಲ್ಲಿ ಕಫದಲ್ಲಿ ಕ್ರಿಮಿ ಕಾಣಲಿಲ್ಲ. ಬೆಲ್ಟಿನ ಮೊಳೆಯ ತೂತುಗಳು ಒಂದೊಂದಾಗಿ ಬಿಟ್ಟುಹೋದವು. ಎದೆಯಲ್ಲಿ ಧೂಳಿರುವುದರಿಂದ ಆರು ತಿಂಗಳು ಸಾಲದೆಂದು ವೈದ್ಯರು ಚಿಕಿತ್ಸೆಯನ್ನು ಇನ್ನೆರಡು ತಿಂಗಳು ಮುಂದುವರಿಸಿದರು. ಹಿರಿಯರು ಗೊಣಗಿದರು, ಬಿಡಲಿಲ್ಲ.

ಅಷ್ಟರಲ್ಲಿ ಒಂದು ಬದಲಾವಣೆಯಾಗಿತ್ತು. ರೈಲು ಕೂಗುವ ಹೊತ್ತಿಗೆ ಆ ಲೈನಿನ ಹಿತ್ತಲುಗಳನ್ನು ನಾನು ವಾರಕ್ಕೆರಡು ದಿನ ಸುತ್ತಲಾರಂಭಿಸಿದ್ದೆ. ನನಗಿಂತ ಮೊದಲು ಹಿರಿಯರು ಬೇಲಿಯಾಚೆಯ ಗೆಳೆಯರಿಗೆ ಕೂಗಿ ಹೇಳುತ್ತಿದ್ದರು: "ಲೇ, ತೊಳೀಬ್ಯಾಡ್ರೋ! ಆರಿಸ್ಬ್ಯಾಡ್ರೋ! ಸ್ಯಾಂಪಲ್ ತಕ್ಕೊಳ್ಳೋರ್ ಬಂದವ್ರೆ!" ನನ್ನ ಯಾವ ಭಾಷಣವೂ ಆ ಮೂರು ಮಾತುಗಳಷ್ಟು ಡಬ್ಬಿಗಳನ್ನು ತುಂಬಿಸಲಿಲ್ಲ.

ಈಗ ನನ್ನ ಕೆಲಸ ಹೆಚ್ಚಾಗಿ ಮೇಜಿನ ಮುಂದೆ. ಹೊಸದಾಗಿ ಸೇರಿದವರಿಗೆ ಕಲಿಸುತ್ತೇನೆ. ನಸುಕಿನಲ್ಲಿ ಎಚ್ಚರವಾಗಿ, ಆ ಕಡೆಯಿಂದ ಬರುವ ಮೊದಲ ರೈಲು ಬಂಗಾರಪೇಟೆಯನ್ನು ಪ್ರವೇಶಿಸುತ್ತ ಕೂಗುವುದು ಕೇಳಿದರೆ, ಅರ್ಧ ಗಂಟೆಯ ಹಿಂದೆ ನಂದಿದುರ್ಗದಲ್ಲಿ ತೆರೆದುಕೊಂಡಿರಬಹುದಾದ ಹಿಂಬಾಗಿಲುಗಳು ಕಣ್ಣಿಗೆ ಬರುತ್ತವೆ. ವರ್ಷ ಕಳೆದಂತೆ ಅವು ಕಡಿಮೆಯಾಗುತ್ತಿವೆ ಎಂದೂ ಗೊತ್ತು. ಧೂಳಿಗೆ ನಮ್ಮಲ್ಲಿ ಮಾತ್ರೆಯಿಲ್ಲ.

ಆಗ ಹಿರಿಯರ ಕೊನೆಯ ವರದಿಯನ್ನು ನಾನೇ ಒಯ್ದಿದ್ದೆ. ಅದೇ ಊಟದ ಹೊತ್ತು. ಹಿರಿಯರು ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

"ಕ್ರಿಮಿ ಇಲ್ಲ, ತಾತ. ಚಿಕಿತ್ಸೆ ಮುಗಿಯಿತು."

"ಸ್ಯಾಂಪಲ್ಲು ಸರೀಗಿತ್ತಾ? ಎಂಜ್ಲು ಅಂತೇನೂ ಬರೀಲಿಲ್ವಾ?"

ಚೀಟಿಯ ಅಂಚನ್ನು ತೋರಿಸಿದೆ. ಅಲ್ಲಿ ಏನೂ ಬರೆದಿರಲಿಲ್ಲ. ಅವರು ಅದನ್ನು ತಿರುಗಿಸಿ, ಹಿಂಬದಿಯನ್ನೂ ನೋಡಿ, ನಂಬರನ್ನು ಬೆರಳಿಟ್ಟು ಓದಿಕೊಂಡು ಮಡಚಿ ಜೇಬಿಗಿಟ್ಟರು. ಆಮೇಲೆ ಈ ಕಡೆ ತಿರುಗಿ ಕುಳಿತರು.

ಹೊಸ್ತಿಲಲ್ಲಿ ಮಗು ನಿಂತಿತ್ತು. ಎಂಟು ತಿಂಗಳಲ್ಲಿ ಅದು ಬಾಯಿ ತೆರೆಯುವ ಅಭ್ಯಾಸವನ್ನು ಬಿಟ್ಟಿತ್ತು, ಸುಮ್ಮನೆ ನೋಡುತ್ತಿತ್ತು. ಹಿರಿಯರು ಮುದ್ದೆಯ ತುಣುಕೊಂದನ್ನು ಮುರಿದು ಸಾರಿನಲ್ಲಿ ಅದ್ದಿ ಕೈ ಎತ್ತಿದರು. ಊದಲು ಬಾಯಿಯ ಹತ್ತಿರ ತಂದವರು ತಡೆದು, ನನ್ನ ಮುಖ ನೋಡಿದರು.

"ಊದ್ಬೋದಾ ಲಾಯರಮ್ಮ?"

"ಊದಿ, ತಾತ," ಎಂದೆ.